ಮೂವತ್ತೊಂದು ನಿಮಿಷದ ಬಸುರಿ

ಶಾಸನಸಭೆಯ ಕಟ್ಟಡಕ್ಕೆ ಮೂರು ಮಹಡಿ, ಒಂದೇ ಲಿಫ್ಟು. ಆರೋಗ್ಯ ಸಮಿತಿ ಕೂರುವುದು ಮೂರನೇ ಮಹಡಿಯಲ್ಲಿ. ಕೆಳಗೆ ಲಿಫ್ಟು ಹತ್ತುವಾಗ ಸಂಶೋಧನಾ ಶಾಖೆಯವರು ಪ್ರತಿ ಸದಸ್ಯರ ಕೈಗೂ ಒಂದು ಹಾಳೆ ಕೊಡಬೇಕು. ಮೇಲೆ ಇಳಿಯುವಷ್ಟರಲ್ಲಿ ಸದಸ್ಯರು ಆ ವಿಷಯದಲ್ಲಿ ಪಂಡಿತರಾಗಿರಬೇಕು. ಇದು ಎಲ್ಲೂ ಬರೆದಿಟ್ಟ ನಿಯಮವಲ್ಲ, ಆದರೆ ಬರೆದಿಟ್ಟ ನಿಯಮಗಳಿಗಿಂತ ಗಟ್ಟಿ. ಲಿಫ್ಟು ಹಳೆಯದು, ಏದುಸಿರು ಬಿಡುತ್ತ ಹತ್ತುತ್ತದೆ. ಅದನ್ನು ಬದಲಿಸುವ ಮಾತು ಬಂದಾಗಲೆಲ್ಲ ಸಂಶೋಧನಾ ಶಾಖೆಯ ಮುಖ್ಯಸ್ಥರೇ ಅಡ್ಡಗಾಲು ಹಾಕಿದ್ದರು. ಹೊಸದು ಬಂದರೆ ಅರ್ಧ ಪುಟ ಓದುವುದರೊಳಗೆ ಮೂರನೇ ಮಹಡಿ ಬಂದುಬಿಡುತ್ತದಲ್ಲ ಎಂಬುದು ಅವರ ಆತಂಕ.

ಈ ಮುಖ್ಯಸ್ಥರಿಗೆ ಕಟ್ಟಡದಲ್ಲೆಲ್ಲ ಕತ್ತರಿ ಸಾಹೇಬರು ಎಂದೇ ಹೆಸರು. ಇನ್ನೂರು ಪುಟದ ವರದಿಯನ್ನು ಒಂದು ಪುಟಕ್ಕೆ ಇಳಿಸುವುದರಲ್ಲಿ ಅವರದು ಎತ್ತಿದ ಕೈ. ಅವರ ಕೈಕೆಳಗೆ ಕೆಲಸ ಮಾಡುವವಳೇ ನಮ್ಮ ಪುಟ್ಟಿ. ಪುಟ್ಟಿಗೆ ಐವತ್ತೊಂದು ವರ್ಷ, ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿದೆ, ಸಾರ್ವಜನಿಕ ಆರೋಗ್ಯದಲ್ಲಿ ಡಾಕ್ಟರೇಟ್ ಇದೆ. ಆದರೂ ಅಕ್ಕನ ಬಾಯಲ್ಲಿ ಪುಟ್ಟಿಯಾಗಿಯೇ ಉಳಿದಿದ್ದಾಳೆ, ಹಾಗಾಗಿ ನಮಗೂ ಪುಟ್ಟಿಯೇ.

ಅಕ್ಕ ನರ್ಸು. ಗುಡ್ಡದ ಮೇಲಿನ ಸಣ್ಣ ಪಟ್ಟಣವೊಂದರಲ್ಲಿ, ಆರು ಹಾಸಿಗೆಯ ಹೆರಿಗೆ ವಾರ್ಡಿನಲ್ಲಿ ಇಪ್ಪತ್ತೇಳು ವರ್ಷದಿಂದ ಇದ್ದಾಳೆ. ಗೋಡೆಗೆ ಹಸಿರು ಬಣ್ಣ, ಕಿಟಕಿಗೆ ಚಿಲಕವಿಲ್ಲ, ತೂಕದ ಯಂತ್ರ ಎಲ್ಲ ಮಕ್ಕಳನ್ನೂ ನೂರು ಗ್ರಾಂ ಹೆಚ್ಚು ತೋರಿಸುತ್ತದೆ. ಅಕ್ಕ ಕಳೆದು ಬರೆದುಕೊಳ್ಳುತ್ತಾಳೆ. ಡಾಕ್ಟರು ವಾರಕ್ಕೆ ಮೂರು ದಿನ ಬರುತ್ತಾರೆ. ಮಕ್ಕಳು ಉಳಿದ ನಾಲ್ಕು ದಿನ ನೋಡಿಕೊಂಡೇ ಹುಟ್ಟುತ್ತವೆ ಎನ್ನುವುದು ಅಕ್ಕನ ಅನುಭವ. ಇಂಥ ಹನ್ನೊಂದು ವಾರ್ಡುಗಳನ್ನು ಮುಚ್ಚಿ, ಬಸುರಿಯರನ್ನೆಲ್ಲ ಕೆಳಗಿನ ದೊಡ್ಡಾಸ್ಪತ್ರೆಗಳಿಗೇ ಕಳಿಸುವ ಮಸೂದೆಯೊಂದು ಸಮಿತಿಯ ಮುಂದೆ ಬಂದಿತ್ತು.

ಮಸೂದೆ ತಂದವರೇನೂ ಕೆಟ್ಟವರಲ್ಲ. ದೊಡ್ಡಾಸ್ಪತ್ರೆಯಲ್ಲಿ ಹಗಲೂ ರಾತ್ರಿ ಡಾಕ್ಟರಿದ್ದಾರೆ, ರಕ್ತವಿದೆ, ಆಪರೇಷನ್ ಕೋಣೆಯಿದೆ. ಪುಟ್ಟಿಯ ವರದಿಯೂ ಅದನ್ನು ಒಪ್ಪಿತ್ತು: ದೊಡ್ಡಾಸ್ಪತ್ರೆ ಒಳ್ಳೆಯದು, ತಲುಪಿದರೆ. ಈ ತಲುಪುವುದರ ಹಿಂದೆ ಅವಳು ನಾಲ್ಕು ವರ್ಷ ಬಿದ್ದಿದ್ದಳು. ಸಾವಿರದ ಇನ್ನೂರು ತಾಯಂದಿರ ಮನೆಗೆ ಹೋಗಿ, ಚಾಪೆಯ ಮೇಲೆ ಕೂತು, ಒಂದೇ ಪ್ರಶ್ನೆ ಕೇಳಿದ್ದಳು. ಇನ್ನು ತಡೆಯೋಕಾಗಲ್ಲ, ಹೊರಡೋಣ ಎಂದು ನೀವು ಅಂದ ಗಳಿಗೆಯಿಂದ ಆಸ್ಪತ್ರೆಯ ಹಾಸಿಗೆ ಮುಟ್ಟುವವರೆಗೆ ಎಷ್ಟು ಹೊತ್ತಾಯಿತು? ಗಂಡ ಚಪ್ಪಲಿ ಹುಡುಕಿದ್ದು, ದೊಡ್ಡ ಮಗುವನ್ನು ಪಕ್ಕದ ಮನೆಯಲ್ಲಿ ಬಿಟ್ಟಿದ್ದು, ಗಾಡಿಗೆ ಫೋನು ಮಾಡಿ ಕಾದದ್ದು, ಎಲ್ಲವೂ ಅದರಲ್ಲಿ ಸೇರಿತ್ತು. ಉತ್ತರ ಸ್ಪಷ್ಟವಾಗಿ ಬಂತು. ಹೀಗೆ ಮನೆಯಿಂದ ಎಣಿಸಿದ ಹೊತ್ತು ನಲವತ್ತು ನಿಮಿಷ ದಾಟಿದರೆ ತಾಯಿಗೂ ಮಗುವಿಗೂ ಅಪಾಯ ಏರುತ್ತ ಹೋಗುತ್ತದೆ. ಸಣ್ಣ ವಾರ್ಡು ಮುಚ್ಚಿದರೆ ಗುಡ್ಡದ ಮೇಲಿನ ಒಬ್ಬಳೂ ಅಷ್ಟರಲ್ಲಿ ಕೆಳಗೆ ತಲುಪಲಾರಳು.

ಇನ್ನೂರ ಹನ್ನೆರಡು ಪುಟದ ವರದಿ. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುವಂತೆ ಪುಟ್ಟಿಗೆ ಅದರ ಅಡಿಟಿಪ್ಪಣಿಗಳ ಮೇಲೂ ಮಮತೆ. ಎದೆ ಗಟ್ಟಿ ಮಾಡಿಕೊಂಡು ಅವನ್ನೆಲ್ಲ ಬಿಟ್ಟು, ಒಂದು ಪುಟ ಮಾಡಿ ಕತ್ತರಿ ಸಾಹೇಬರ ಮೇಜಿನ ಮೇಲಿಟ್ಟಳು.

“ಒಂದು ಸಾಲು ಎರಡನೇ ಪುಟಕ್ಕೆ ಹೋಗಿದೆ,” ಅಂದರು ಅವರು.

“ಅಕ್ಷರ ಸ್ವಲ್ಪ ಚಿಕ್ಕದು ಮಾಡ್ತೀನಿ ಸರ್.”

“ಸದಸ್ಯರ ವಯಸ್ಸು ಗೊತ್ತಲ್ಲ? ಚಿಕ್ಕದು ಮಾಡಿದ್ರೆ ಕನ್ನಡಕ ಬೇಕು. ಜೇಬಿಂದ ತೆಗ್ದು, ಒರೆಸಿ, ಹಾಕ್ಕೊಳ್ಳೋದ್ರೊಳಗೆ ಎರಡನೇ ಮಹಡಿ. ಒಂದು ಸಾಲು ತೆಗೀರಿ ಮೇಡಂ. ನೀವೇ ತೆಗೀರಿ, ನಾನು ಕೈ ಹಾಕಿದ್ರೆ ನಾಲ್ಕು ಹೋಗುತ್ತೆ.”

ಪುಟ್ಟಿ ಹಾಳೆಯನ್ನು ಮೂರು ಸಲ ಓದಿದಳು. ಎಲ್ಲವೂ ಬೇಕಾದದ್ದೇ. ಕೊನೆಗೆ ‘ಮನೆಯಲ್ಲಿ ಹೊರಡುವ ಮಾತೆತ್ತಿದ ಗಳಿಗೆಯಿಂದ, ಗಾಡಿಗೆ ಕಾದ ಹೊತ್ತೂ ಸೇರಿ’ ಎಂಬ ಸಾಲನ್ನು ತೆಗೆದಳು. ನಲವತ್ತು ನಿಮಿಷ ಎಂದರೆ ಎಲ್ಲಿಂದ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ, ಆಗ ಬಾಯಲ್ಲಿ ಹೇಳಿದರಾಯಿತು ಎಂದುಕೊಂಡಳು. ಪ್ರಶ್ನೆ ಕೇಳಿಕೊಂಡೇ ಬದುಕಿದವರಿಗೆ ಬೇರೆಯವರೂ ಪ್ರಶ್ನೆ ಕೇಳುತ್ತಾರೆಂಬ ಭ್ರಮೆ ಇರುತ್ತದೆ.

ಯಾರೂ ಕೇಳಲಿಲ್ಲ. ಸಮಿತಿಯ ಕೋಣೆಯಲ್ಲಿ ಸಂಶೋಧಕರು ಗೋಡೆ ಪಕ್ಕದ ಕುರ್ಚಿಯಲ್ಲಿ ಕೂರಬೇಕು, ಕೇಳಿದರೆ ಮಾತ್ರ ಬಾಯಿ ತೆರೆಯಬೇಕು. ಅಧ್ಯಕ್ಷರು ಹಾಳೆಯನ್ನು ಗಾಳಿಯಲ್ಲಿ ಎತ್ತಿ ಹಿಡಿದರು. ದುಂಡು ಮುಖದ, ಮಾತಿನಲ್ಲಿ ಜೇನು ಸುರಿಸುವ, ಯಾರಿಗೂ ಇಲ್ಲ ಎನ್ನದ ಮನುಷ್ಯ. “ನೋಡಿ, ಸಂಶೋಧನೆ ಅಂದ್ರೆ ಇದು. ಮುಷ್ಟೀಲಿ ಹಿಡ್ಕೊಳ್ಳೋ ಹಾಗೆ ಒಂದು ಸಂಖ್ಯೆ ಇದೆ. ನಲವತ್ತು. ಇನ್ನು ವಾದ ಯಾಕೆ? ಗುಡ್ಡದ ಮೇಲಿಂದ ದೊಡ್ಡಾಸ್ಪತ್ರೆಗೆ ಎಷ್ಟು ನಿಮಿಷ ಅಂತ ನಾನೇ ಹೋಗಿ ಅಳೆದು ಬರ್ತೀನಿ.”

ಹೋದರು. ಹನ್ನೊಂದರಲ್ಲಿ ಅತಿ ದೂರದ್ದು ಅಕ್ಕನ ವಾರ್ಡೇ. ಅದರ ಗೇಟಿನಿಂದ ದೊಡ್ಡಾಸ್ಪತ್ರೆಯ ಗೇಟಿನವರೆಗೆ, ಮುಂದೆ ಸೈರನ್ ಹಾಕಿದ ಪೊಲೀಸ್ ಜೀಪು, ಎದುರಿನ ಲಾರಿಗಳೆಲ್ಲ ಚರಂಡಿಯ ಅಂಚಿಗೆ. ಮೂವತ್ತೆಂಟು ನಿಮಿಷ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾವು ಕೇಳಿದ್ದೇವೆ. ಇಲ್ಲಿ ಕೊಟ್ಟಿಗೆಯನ್ನು ಅಳೆದು, ಮೊಹರು ಹಾಕಿ, ಪತ್ರಿಕೆಗೂ ಕೊಟ್ಟರು. ಮರುದಿನ ‘ಮಸೂದೆಗೆ ಸಂಶೋಧನೆಯ ಬೆಂಬಲ’ ಎಂಬ ತಲೆಬರಹ ಬಂತು.

ಅಂದು ಬೆಳಿಗ್ಗೆಯೇ ಅಕ್ಕನ ಫೋನು.

“ಇಪ್ಪತ್ತೇಳು ವರ್ಷ ನಾನು ತೆರೆದಿಟ್ಟ ಬಾಗಿಲಿಗೆ ನೀನು ಒಂದೇ ಹಾಳೇಲಿ ಬೀಗ ಹಾಕ್ದೆ ನೋಡು ಪುಟ್ಟಿ.” ದನಿಯಲ್ಲಿ ಸಿಟ್ಟಿರಲಿಲ್ಲ. ಪುಟ್ಟಿಗೆ ಅದೇ ಹೆಚ್ಚು ಚುಚ್ಚಿತು.

“ಅಕ್ಕ, ಅದು ಗೇಟಿಂದ ಗೇಟಿಗಲ್ಲ, ಮನೆಯಿಂದ...”

“ನನಗ್ಯಾಕೆ ಹೇಳ್ತೀಯ, ನನಗೆ ಗೊತ್ತಿಲ್ವಾ? ನಮ್ಮಲ್ಲಿಗೆ ಬರೋರು ಯಾರೂ ಮುಂದೆ ಜೀಪ್ ಬಿಟ್ಕೊಂಡು ಬರಲ್ಲ. ಬರೋ ತಿಂಗಳು ಒಂದನೇ ತಾರೀಖಿಂದ ಮುಚ್ಚಬೇಕಂತೆ. ದಿನ ತುಂಬಿದೋರು ಒಂಬತ್ತು ಜನ ಇದಾರೆ ನನ್ನ ಹತ್ರ. ಕ್ಯಾಲೆಂಡರ್ ನೋಡ್ಕೊಂಡು ಹೆರಿ ಅಂತ ಹೇಳ್ಲಾ?”

ಮಾಡಿದ್ದುಣ್ಣೋ ಮಹರಾಯ. ಕತ್ತರಿ ಸಾಹೇಬರನ್ನು ಬೈಯೋಣವೆಂದರೆ ಆ ಸಾಲು ತೆಗೆದ ಕೈ ತನ್ನದೇ. ಎರಡು ದಿನ ಪುಟ್ಟಿಗೆ ಊಟ ಸೇರಲಿಲ್ಲ. ಮೂರನೆಯ ದಿನ, ಗೋಡೆ ಪಕ್ಕದ ಕುರ್ಚಿಯ ಶಿಸ್ತನ್ನು ಗಾಳಿಗೆ ತೂರಿ, ಸೀದಾ ಅಧ್ಯಕ್ಷರ ಕೊಠಡಿಗೆ ಹೋದಳು.

“ಹೌದಾ, ಮನೆಯಿಂದಲಾ?” ಅಧ್ಯಕ್ಷರು ನಿಜವಾಗಿ ಆಶ್ಚರ್ಯಪಟ್ಟರು. “ಹಾಳೇಲಿ ಇರ್ಲಿಲ್ವಲ್ಲಮ್ಮ.”

“ತಪ್ಪು ನಂದೇ ಸರ್. ಜಾಗ ಸಾಲ್ದೆ ತೆಗೆದೆ.”

“ಹಾಗಾದ್ರೆ ಮನೆಯಿಂದಲೇ ಅಳೆಯೋಣ. ಸಂಶೋಧನೆಗೆ ನಾನು ಯಾವತ್ತೂ ಇಲ್ಲ ಅಂದೋನಲ್ಲ. ನಿಜವಾದ ಮನೆ, ನಿಜವಾದ ಆಂಬ್ಯುಲೆನ್ಸು. ಬಸುರಿ ಒಬ್ರು ಬೇಕಲ್ಲ? ನಿಜವಾದೋರನ್ನ ಮಲಗಿಸಿ ಹೆಚ್ಚುಕಮ್ಮಿ ಆದ್ರೆ ಕಷ್ಟ. ನೀವೇ ಆಗಿಬಿಡಿ.”

ಮದುವೆಯ ಗೋಜಿಗೇ ಹೋಗದ ಪುಟ್ಟಿ, ಹೀಗೆ ಐವತ್ತೊಂದನೇ ವಯಸ್ಸಿನಲ್ಲಿ ಸರ್ಕಾರಿ ಆದೇಶದ ಮೇರೆಗೆ ಬಸುರಿಯಾದಳು.

ಆದೇಶದ ಪ್ರತಿ ಏಳು ಕಚೇರಿಗಳಿಗೆ ಹೋಯಿತು. ಅಕ್ಕನ ವಾರ್ಡು ಮುಚ್ಚಿದ ಮೇಲೆ ಹೇಗಿರುತ್ತದೋ ಹಾಗೇ ಇರಬೇಕೆಂದು, ಪರೀಕ್ಷೆಯ ದಿನ ಬೆಳಿಗ್ಗೆ ಜಿಲ್ಲಾ ಆರೋಗ್ಯಾಧಿಕಾರಿ ಸ್ವತಃ ಬಂದು ಬಾಗಿಲಿಗೆ ಬೀಗ ಜಡಿದು, ಅರಗಿನ ಸೀಲು ಒತ್ತಿ, ಕೀಲಿ ಜೇಬಿಗಿಳಿಸಿ, ಅಧ್ಯಕ್ಷರನ್ನು ಸ್ವಾಗತಿಸಲು ಕೆಳಗಿನ ದೊಡ್ಡಾಸ್ಪತ್ರೆಗೆ ಹೊರಟರು. ಇತ್ತ ಪುಟ್ಟಿ, ಅದೇ ಪಟ್ಟಣದ ಮೆಟ್ಟಿಲು ಓಣಿಯೊಂದರ ತುದಿಯಲ್ಲಿದ್ದ ಇಸ್ತ್ರಿ ಅಂಗಡಿಯವನ ಮನೆಯಲ್ಲಿ, ಹೊಟ್ಟೆಗೆ ದಿಂಬು ಕಟ್ಟಿಕೊಂಡು ಮಲಗಿದಳು. ಸರಿಯಾಗಿ ಒಂಬತ್ತಕ್ಕೆ “ಇನ್ನು ತಡೆಯೋಕಾಗಲ್ಲ, ಹೊರಡೋಣ” ಎಂದಳು, ಟಿಪ್ಪಣಿ ಓದುವ ದನಿಯಲ್ಲಿ. ಇಸ್ತ್ರಿಯವನು ಫೋನು ತಿರುಗಿಸಿದ. ಅವನು ವಿಳಾಸ ಹೇಳಿ ಮುಗಿಸುವುದರೊಳಗೆ ಬಾಗಿಲಲ್ಲಿ ಸ್ಟ್ರೆಚರು ನಿಂತಿತ್ತು. ಪಟ್ಟಣಕ್ಕೆಲ್ಲ ಇದ್ದದ್ದು ಒಂದೇ ಆಂಬ್ಯುಲೆನ್ಸು. ಅದು ಬೆಳಗಿನ ಆರರಿಂದ ಓಣಿಯ ಬಾಯಲ್ಲೇ ಕಾಯುತ್ತಿತ್ತು. ಡ್ರೈವರು ತಲೆಗೆ ಎಣ್ಣೆ ಹಚ್ಚಿ ಬಾಚಿದ್ದ.

“ಇದು ಸರಿಯಲ್ಲಪ್ಪ,” ಪುಟ್ಟಿ ಎದ್ದು ಕೂರಲು ಹೋದಳು. “ನೀವು ಯಾವಾಗ್ಲೂ ನಿಲ್ಲೋ ಜಾಗದಿಂದ ಬರ್ಬೇಕು.”

“ಯಾವುದೇ ವಿಳಂಬ ಆಗ್ಬಾರ್ದು ಅಂತ ಆದೇಶದಲ್ಲಿ ಬರ್ದಿದೆ ಮೇಡಂ,” ಅಂದ ಡ್ರೈವರು. “ಅಲ್ಲಾಡ್ಬೇಡಿ. ನೀವು ನೋವಲ್ಲಿದೀರ.”

ದಾರಿಯುದ್ದಕ್ಕೂ ಲಾರಿಗಳನ್ನು ಬೆಳಗಿನಿಂದಲೇ ತಡೆದು ನಿಲ್ಲಿಸಿದ್ದರು. ಮೂವತ್ತೊಂದು ನಿಮಿಷ. ದೊಡ್ಡಾಸ್ಪತ್ರೆಯ ಗೇಟಿನಲ್ಲಿ ಅಧ್ಯಕ್ಷರು ಗಡಿಯಾರ ಹಿಡಿದು ನಿಂತಿದ್ದರು. “ಅವತ್ತು ಮೂವತ್ತೆಂಟಿತ್ತು. ಸಂಶೋಧನೆ ಮಾಡಿದ್ದಕ್ಕೇ ಏಳು ನಿಮಿಷ ಕಮ್ಮಿ ಆಯ್ತು ನೋಡಿ,” ಎಂದು ಮನಸಾರೆ ಹೊಗಳಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಸ್ಟ್ರೆಚರಿನ ಮೇಲೆ ಮಲಗಿ ಚಪ್ಪಾಳೆ ತಟ್ಟಿಸಿಕೊಳ್ಳುವ ಯೋಗ ಬಸುರಿಯರಿಗೆ ಸಾಮಾನ್ಯವಾಗಿ ಇರುವುದಿಲ್ಲ.

ಭಾಷಣ, ಫೋಟೊ ಎಲ್ಲ ಮುಗಿದು ಪುಟ್ಟಿ ಆಸ್ಪತ್ರೆಯ ಹೊರಗಿನ ಬೆಂಚಿನ ಮೇಲೆ ಕೂತಾಗ ಮಧ್ಯಾಹ್ನವಾಗಿತ್ತು. ಅಕ್ಕ ಫೋನು ಮಾಡಿದಳು.

“ನಮ್ಮ ಟೈಲರ್ ಸೊಸೆ ಗೊತ್ತಲ್ಲ, ಎರಡನೇ ಹೆರಿಗೆ. ಒಂಬತ್ತೂ ಹತ್ತಕ್ಕೆ ಗಾಡಿಗೆ ಫೋನ್ ಮಾಡಿದಾರೆ. ಗಾಡಿ ಪರೀಕ್ಷೇಲಿದೆ, ಆಮೇಲೆ ಮಾಡಿ ಅಂದ್ರಂತೆ. ಗಂಡ ಸ್ಕೂಟರ್ ಮೇಲೆ ಹಿಡ್ಕೊಂಡು ಇಲ್ಲಿಗೆ ಕರ್ಕೊಂಡು ಬಂದ. ನಾನು ಬೀಗದ ಮುಂದೆ ಮೆಟ್ಟಿಲ ಮೇಲೆ ಡ್ಯೂಟಿ ಮಾಡ್ತಾ ಕೂತಿದ್ದೆ.”

“ಆಮೇಲೆ?”

“ಆಮೇಲೇನು, ಕಲ್ಲು ತಗೊಂಡು ಬೀಗ ಒಡೆದೆ. ಮಗು ಕತ್ತಿಗೆ ಹೊಕ್ಕುಳಬಳ್ಳಿ ಸುತ್ಕೊಂಡಿತ್ತು. ನೀಲಿ ಆಗಿತ್ತು ಪುಟ್ಟಿ. ಮೂರು ನಿಮಿಷ ಉಸಿರೇ ಇಲ್ಲ.”

ಪುಟ್ಟಿ ಹೊಟ್ಟೆಗೆ ಕಟ್ಟಿದ್ದ ದಿಂಬನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡಳು.

“ಆಮೇಲೆ ಅತ್ತಿತು. ಹೆಣ್ಣು. ತಾಯೀನೂ ಚೆನ್ನಾಗಿದಾಳೆ. ಈಗ ತಾನೇ ಆರೋಗ್ಯಾಧಿಕಾರಿ ಬಂದು, ಸರ್ಕಾರದ ಸೀಲು ಒಡೆದಿದ್ದಕ್ಕೆ ಉತ್ತರ ಕೊಡಿ ಅಂತ ನೋಟಿಸ್ ಕೊಟ್ಟು ಹೋದ್ರು.”

ಪುಟ್ಟಿ ತೊಡೆಯ ಮೇಲಿದ್ದ ದಿಂಬನ್ನು ಮುಖಕ್ಕೆ ಒತ್ತಿಕೊಂಡು ಅತ್ತಳು. ಮಗು ಬದುಕಿತಲ್ಲ ಎಂಬ ಸಮಾಧಾನಕ್ಕಿಂತ, ಅದು ಬದುಕದೇ ಹೋಗಿದ್ದರೆ ಗಾಡಿಯಲ್ಲಿ ಮಲಗಿದ್ದವಳು ತಾನು ಎಂಬ ನಾಚಿಕೆಯೇ ದೊಡ್ಡದಾಗಿತ್ತು. ಅದನ್ನು ಯಾವ ಕೋಷ್ಟಕದಲ್ಲೂ ಹಾಕಲಾಗುವುದಿಲ್ಲ.

ಮರುದಿನ ಅವಳು ಬರೆದ ಹಾಳೆಯಲ್ಲಿ ನಾಲ್ಕೇ ವಾಕ್ಯಗಳಿದ್ದವು. ‘ಪರೀಕ್ಷೆಯ ದಿನ ಇಬ್ಬರಿಗೆ ಗಾಡಿ ಬೇಕಾಗಿತ್ತು. ಒಬ್ಬಳು ಮೂವತ್ತೊಂದು ನಿಮಿಷದಲ್ಲಿ ತಲುಪಿದಳು, ಅವಳು ಬಸುರಿಯಲ್ಲ. ಇನ್ನೊಬ್ಬಳು ಬಸುರಿ, ಅವಳಿಗೆ ಗಾಡಿ ಸಿಗಲಿಲ್ಲ, ಅದು ಮೊದಲನೆಯವಳ ಹತ್ತಿರ ಇತ್ತು. ನರ್ಸು ವಾರ್ಡಿನ ಬೀಗ ಒಡೆದದ್ದರಿಂದ ತಾಯಿ, ಮಗು ಇಬ್ಬರೂ ಬದುಕಿದ್ದಾರೆ.’

ಕತ್ತರಿ ಸಾಹೇಬರು ಕೆಂಪು ಪೆನ್ಸಿಲ್ ಹಿಡಿದು ಓದಿದರು. ಮತ್ತೊಮ್ಮೆ ಓದಿದರು. ಪೆನ್ಸಿಲ್ಲನ್ನು ಡ್ರಾಯರಿನಲ್ಲಿಟ್ಟು, “ಹೀಗೇ ಹೋಗ್ಲಿ,” ಅಂದರು.

ಸಮಿತಿಯ ಸದಸ್ಯರು ಅಂದು ಲಿಫ್ಟಿನಿಂದ ಹಾಳೆ ಕೈಯಲ್ಲೇ ಹಿಡಿದು ಹೊರಬಂದರು. ಒಬ್ಬ ಸದಸ್ಯರಂತೂ ಕೋಣೆಗೆ ಬಂದು ಕೂತ ಮೇಲೂ ಹಾಳೆ ನೋಡುತ್ತಿದ್ದರು, ಇದು ಹಿಂದೆಂದೂ ಆಗಿರಲಿಲ್ಲ. ಗೆದ್ದೆ ಎಂದು ಪುಟ್ಟಿಗೆ ಅನಿಸಿತು. ಅಧ್ಯಕ್ಷರ ಕಣ್ಣೂ ಒದ್ದೆಯಾಗಿತ್ತು. ಅವರು ಅದನ್ನು ಮುಚ್ಚಿಕೊಳ್ಳಲಿಲ್ಲ.

“ಮನಸ್ಸಿಗೆ ತುಂಬಾ ನೋವಾಯ್ತಮ್ಮ,” ಅಂದರು. “ಆದ್ರೆ ಒಂದು ಕೇಸು ಸಾಕ್ಷ್ಯ ಆಗಲ್ಲ ಅಂತ ನೀವೇ ನಮಗೆ ಎಷ್ಟು ಸಲ ಹೇಳಿಲ್ಲ?”

ಹೇಳಿದ್ದಳು. ಹತ್ತು ವರ್ಷದಿಂದ, ಯಾರಾದರೂ ಸದಸ್ಯರು ತಮ್ಮ ಸೋದರಮಾವನ ಮಂಡಿನೋವಿನ ಮೇಲೆ ಕಾನೂನು ಮಾಡಲು ಹೊರಟು ಅವಳನ್ನು ಕೇಳಿದಾಗಲೆಲ್ಲ, ಗೋಡೆ ಪಕ್ಕದ ಕುರ್ಚಿಯಿಂದ ಅದನ್ನೇ ಹೇಳಿದ್ದಳು.

“ಆಗಲ್ಲ ಸರ್,” ಅಂದಳು. “ಎಷ್ಟು ಬೇಕು ಹೇಳಿ, ಕಾಯ್ತೀನಿ.”

ಅಧ್ಯಕ್ಷರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ವಿದ್ಯೆಯಲ್ಲಿ ಅವರಿಗೆ ಮೂವತ್ತು ವರ್ಷದ ಸೇವೆ. “ಗಾಡಿ ಪರೀಕ್ಷೇಲಿತ್ತು, ಅದಕ್ಕೆ ಸಿಗ್ಲಿಲ್ಲ. ಅಂದ್ರೆ ತೊಂದ್ರೆ ಆಗಿದ್ದು ವಾರ್ಡ್ ಮುಚ್ಚಿದ್ರಿಂದಲ್ಲ, ಪರೀಕ್ಷೆಯಿಂದ. ಅದಕ್ಕೆ ಪರಿಹಾರ ಮಾಡೋಣ,” ಎಂದು ಹೇಳಿ ಒಂದು ತಿದ್ದುಪಡಿ ಬರೆಸಿದರು. ಆಂಬ್ಯುಲೆನ್ಸನ್ನು ಪರೀಕ್ಷೆಗೆ ಬಳಸುವ ದಿನಗಳಲ್ಲಿ ಆಯಾ ವಾರ್ಡನ್ನು ಪೂರ್ಣ ಸಿಬ್ಬಂದಿಯೊಂದಿಗೆ ತೆರೆದಿಡತಕ್ಕದ್ದು. ಉಳಿದ ದಿನಗಳಿಗೆ ಮಸೂದೆ ಇದ್ದಂತೆಯೇ. ಎಲ್ಲರೂ ಕೈ ಎತ್ತಿದರು, ಆ ಹಾಳೆ ನೋಡುತ್ತಿದ್ದ ಸದಸ್ಯರೂ ಎತ್ತಿದರು. ಸಂಶೋಧನೆಯೊಂದು ಕಾನೂನಿನ ಮಾತನ್ನೇ ಬದಲಿಸಿದ್ದು ಆ ಸದನದಲ್ಲಿ ಅದೇ ಮೊದಲೆಂದು ನಡಾವಳಿಯಲ್ಲಿ ದಾಖಲಾಯಿತು.

ನೋಟಿಸಿಗೆ ಉತ್ತರ ಕೊಡಲು ಇಲಾಖೆಗೆ ಬಂದಿದ್ದ ಅಕ್ಕ ಕೆಳಗಿನ ಪಡಸಾಲೆಯ ಬೆಂಚಿನಲ್ಲಿ ಕೂತಿದ್ದಳು. ಪುಟ್ಟಿ ತಿದ್ದುಪಡಿಯ ಪ್ರತಿಯನ್ನು ಅವಳ ಮಡಿಲಿಗೆ ಎಸೆದು, ಪಕ್ಕದಲ್ಲಿ ಕುಸಿದು, “ಈ ಕೆಲಸ ಸಾಕಕ್ಕ ನನಗೆ, ರಾಜೀನಾಮೆ ಕೊಡ್ತೀನಿ,” ಅಂದಳು. ಅಕ್ಕ ಬೆರಳಿಟ್ಟು ನಿಧಾನವಾಗಿ ಓದಿದಳು. ಅವಳು ಲಿಫ್ಟಿನಲ್ಲಿ ಓದಿ ಅಭ್ಯಾಸವಿಲ್ಲದವಳು.

“ಪರೀಕ್ಷೆಗೆ ಬಳಸುವ ದಿನಗಳಲ್ಲಿ,” ಎಂದು ಎರಡು ಸಲ ಹೇಳಿಕೊಂಡಳು. “ಪುಟ್ಟಿ, ಈ ಪರೀಕ್ಷೆ ದಿನ ಗೊತ್ತು ಮಾಡೋರು ಯಾರು?”

“ಸಂಶೋಧನಾ ಶಾಖೆ.”

“ಅಂದ್ರೆ?”

“ಅಂದ್ರೆ ನಾನು.”

“ಮತ್ತೆ ಅಳೋದು ಯಾಕೆ?”

ಪುಟ್ಟಿ ಅಕ್ಕನ ಮುಖವನ್ನೇ ನೋಡಿದಳು. ಡಾಕ್ಟರೇಟ್ ಇದ್ದದ್ದು ತನಗೆ. ಅವತ್ತೇ ಮಧ್ಯಾಹ್ನ ಕೂತು ಅರ್ಜಿ ಬರೆದಳು. ಒಂದು ಪರೀಕ್ಷೆ ಸಾಕ್ಷ್ಯವಾಗದೆಂದು ಮಾನ್ಯ ಸಮಿತಿಯೇ ಅಭಿಪ್ರಾಯಪಟ್ಟಿರುವುದರಿಂದ, ದಿನಕ್ಕೊಂದರಂತೆ ಪರೀಕ್ಷೆ ನಡೆಸುವುದು ಅಗತ್ಯ. ಹೊತ್ತು ಮೊದಲೇ ತಿಳಿದರೆ ಗಾಡಿ ಬಾಗಿಲಲ್ಲೇ ಬಂದು ನಿಲ್ಲುವುದರಿಂದ, ಯಾವ ಗಳಿಗೆಯಲ್ಲಿ ಪರೀಕ್ಷೆ ಎಂಬುದು ಗುಟ್ಟಾಗಿರಬೇಕು. ಆದ್ದರಿಂದ ವಾರ್ಡು ಹಗಲೂ ರಾತ್ರಿ ತೆರೆದಿರತಕ್ಕದ್ದು. ನಿಜವಾದ ಕರೆ ಬಂದರೆ ಪರೀಕ್ಷೆ ಬಿಟ್ಟು ಗಾಡಿ ಅಲ್ಲಿಗೆ ಹೋಗತಕ್ಕದ್ದು. ಕತ್ತರಿ ಸಾಹೇಬರು ಓದಿ, ತಮ್ಮ ಕೈಯಾರೆ ‘ಹನ್ನೊಂದೂ ವಾರ್ಡುಗಳಲ್ಲಿ’ ಎಂದು ಸೇರಿಸಿದರು. ಅವರು ಒಂದು ಪದವನ್ನಾದರೂ ಸೇರಿಸಿದ್ದನ್ನು ಆವರೆಗೆ ಯಾರೂ ಕಂಡಿರಲಿಲ್ಲ. ಅಧ್ಯಕ್ಷರು ಸಹಿ ಹಾಕಿದರು. ಸಂಶೋಧನೆಗೆ ಇಲ್ಲ ಅನ್ನುವವರು ಅವರಲ್ಲವಲ್ಲ.

ವರ್ಷ ತುಂಬುತ್ತ ಬಂದಿದೆ. ಹನ್ನೊಂದು ಪಟ್ಟಣಗಳಲ್ಲಿ ದಿನಕ್ಕೊಬ್ಬಳು ಹೊಟ್ಟೆಗೆ ದಿಂಬು ಕಟ್ಟಿಕೊಂಡು ಗಾಡಿ ಕಾಯುತ್ತಾಳೆ; ವಾರ್ಡುಗಳಲ್ಲಿ ದಿಂಬಿಲ್ಲದವರು ಹೆರುತ್ತಾರೆ. ಮನೆಯಿಂದ ದೊಡ್ಡಾಸ್ಪತ್ರೆಗೆ ಸರಾಸರಿ ಒಂದು ಗಂಟೆ ನಲವತ್ತಾರು ನಿಮಿಷ. ನಾಲ್ಕನೇ ತಿಂಗಳಿಗೇ ಈ ಸಂಖ್ಯೆ ಅಲುಗಾಡದೆ ನಿಂತಿತು. ಇಷ್ಟು ಅಚ್ಚುಕಟ್ಟಾದ ಅಧ್ಯಯನವನ್ನು ಪುಟ್ಟಿ ತನ್ನ ಜನ್ಮದಲ್ಲಿ ಮಾಡಿರಲಿಲ್ಲ, ಬೇರೆಯವರು ಮಾಡಿದ್ದನ್ನೂ ಕಂಡಿರಲಿಲ್ಲ. ಅದು ಅವಳ ಡ್ರಾಯರಿನಲ್ಲಿ ಇದೆ. ಫಲಿತಾಂಶ ಒಪ್ಪಿಸಿದ ದಿನ ಪರೀಕ್ಷೆ ಮುಗಿಯುತ್ತದೆ, ಪರೀಕ್ಷೆ ಮುಗಿದ ದಿನ ಬಾಗಿಲಿಗೆ ಬೀಗ ಬೀಳುತ್ತದೆ. ಆಮೇಲೆ ಸಮಿತಿ ಆ ಸಂಖ್ಯೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಏನು ಮಾಡುತ್ತದೆಂದು ಅವಳಿಗೆ ಚೆನ್ನಾಗಿ ಗೊತ್ತು. ಜೀವನದಲ್ಲಿ ಒಂದು ವರದಿಯನ್ನೂ ಗಡುವು ಮೀರಿ ಕೊಡದಿದ್ದವಳು, ಅಧ್ಯಕ್ಷರು ಪ್ರತಿ ಅಧಿವೇಶನದಲ್ಲೂ ಫಲಿತಾಂಶ ಕೇಳಿದಾಗ, ಇನ್ನೂ ಹೆಚ್ಚಿನ ಅಧ್ಯಯನದ ಅಗತ್ಯವಿದೆ ಎನ್ನುತ್ತಾಳೆ. ಅವರು ತಲೆದೂಗಿ, ಆತುರ ಬೇಡ ಎನ್ನುತ್ತಾರೆ.

ಇವತ್ತು ಮತ್ತೆ ಸಮಿತಿ ಇದೆ. ಹೊರಡುವ ಮುಂಚೆ ಅಕ್ಕನ ಫೋನು ಬಂತು.

“ನಿನ್ನೆ ಎರಡಾಯ್ತು ಕಣೇ. ಒಂದಕ್ಕೆ ಕಾಲು ಮೊದಲು ಬಂದಿತ್ತು, ಕೆಳಗೆ ಹೋಗೋಕೆ ಹೊತ್ತೇ ಇರ್ಲಿಲ್ಲ. ಚೆನ್ನಾಗಿದಾರೆ ಇಬ್ರೂ. ಅದಿರ್ಲಿ, ನಿನ್ನ ಉತ್ತರ ಎಲ್ಲಿಗೆ ಬಂತು?”

“ಸಿಕ್ಕಿ ಏಳೆಂಟು ತಿಂಗಳಾಯ್ತಕ್ಕ.”

ಅಕ್ಕನ ಹಿಂದೆ ಎಲ್ಲೋ ಮಗು ಅಳುತ್ತಿತ್ತು.

“ಯಾರಿಗೂ ಹೇಳ್ಬೇಡ,” ಅಂದಳು.